ಕನೆಲಾ ಅಕ್ಕನ ಮಡಿಲೇರಿತು

ಜುಲೈ ೯, ಗುರುವಾರ. ಮೊಂಟೆವಿಡಿಯೊ.

ನನ್ನ ಬೆಕ್ಕು ಕನೆಲಾ ಇವತ್ತು ತಾನಾಗಿ ತಿಂದಿತು. ನನ್ನ ಕೈಯಿಂದಲ್ಲ.

ಡಬ್ಬಿಯ ಮೆತ್ತನೆ ಮೀನು ಬಿಟ್ಟರೆ ಬೇರೇನನ್ನೂ ಮೂಸದ ಬೆಕ್ಕಿಗೆ ಒಣ ತಿಂಡಿಯೇ ಸಾಕೆಂದು ಹಟ ಹಿಡಿದವಳು ಎರ್ಮೀನಿಯಾ ಅಕ್ಕ. “ಹೊಟ್ಟೆ ಚುರುಗುಟ್ಟಿದ್ರೆ ತಾನೇ ತಿನ್ನುತ್ತೆ. ನೀನು ಮುದ್ದು ಮಾಡಿ ಕೆಡಿಸಿದೀಯ,” ಎಂದು ಡಬ್ಬಿಗಳನ್ನೆಲ್ಲ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಭಾನುವಾರದ ಹೊತ್ತಿಗೆ ಬೆಕ್ಕಿನ ಕಿವಿಯೊಳಗೆಲ್ಲ ಕಾಮಾಲೆಯ ಹಳದಿ.

ಪ್ರಾಣಿಗಳ ಡಾಕ್ಟರು ಬೈದದ್ದು ನನ್ನನ್ನು. “ಉಪವಾಸ ಕೆಡವಿದ್ರೆ ಬೆಕ್ಕು ಹಟ ಬಿಡಲ್ಲಮ್ಮ, ಲಿವರ್ ಕೆಟ್ಟು ಸಾಯುತ್ತೆ. ಒಣದೋ ಮೆತ್ತಂದೋ, ಮೊದಲು ಹೊಟ್ಟೆಗೆ ಹೋಗ್ಬೇಕು.”

ಪಕ್ಕದಲ್ಲೇ ನಿಂತಿದ್ದ ಅಕ್ಕ, “ಊಟ ಹಾಕೋಳು ಇವಳು ಡಾಕ್ಟ್ರೇ, ನಂಗೇನು ಗೊತ್ತು?” ಎಂದಳು.

ಅಂದಿನಿಂದ ಅದನ್ನು ಟವೆಲಿನಲ್ಲಿ ಸುತ್ತಿ, ದವಡೆ ಬಿಡಿಸಿ, ಸಿರಿಂಜಿನಲ್ಲಿ ಮೀನಿನ ಗಂಜಿ ಇಳಿಸುತ್ತಿದ್ದೇನೆ. ನನ್ನ ಮುಂಗೈ ತುಂಬ ಗೀರು. ನನ್ನ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಮಂಚದಡಿ ನುಗ್ಗುತ್ತದೆ.

ಸಂಜೆ ಮಾಟೆ ಚಹಾ ಹೀರುತ್ತ ಕೂತಿದ್ದ ಅಕ್ಕ ಡಬ್ಬಿ ತೆರೆದು, ಬೆರಳಿಗೆ ಮೀನು ಹಚ್ಚಿ ಚಾಚಿದಳು. ಕನೆಲಾ ಅವಳ ಮಡಿಲೇರಿ, ಕಣ್ಣು ಮುಚ್ಚಿ ನೆಕ್ಕಿತು.

“ನೋಡಿದ್ಯೇನೇ? ನಿನ್ನ ಕಂಡ್ರೆ ಆಗಲ್ಲ ಇದಕ್ಕೆ. ನಿನ್ನ ಗಂಡನಿಗೂ ಆಗ್ತಿರ್ಲಿಲ್ಲ, ಪಾಪ.”

ನಾನು ಸಿರಿಂಜ್ ತೊಳೆದಿಟ್ಟೆ. ಬೆಕ್ಕು ಬದುಕಿತು, ಸಂತೋಷಪಡಬೇಕು. ಅವಳ ಮಡಿಲಲ್ಲಿ ಅದು ಗುರ್ ಗುರ್ ಎನ್ನುತ್ತಿದ್ದಾಗ ನನಗೆ ಅನಿಸಿದ್ದೇ ಬೇರೆ. ಅದು ಸತ್ತಿದ್ದರೆ ತಪ್ಪು ಅಕ್ಕನದಾಗಿ ಉಳಿಯುತ್ತಿತ್ತು. ಬದುಕಿದ್ದರಿಂದ ಈಗ ಹಿಂಸೆ ಕೊಟ್ಟವಳು ನಾನು, ಉಳಿಸಿದವಳು ಅವಳು.