ಗೇಟುಮನೆಯ ಮೆಟ್ಟಿಲುಕಲ್ಲು

ಜೂನ್ 4, ಮಂಗಳವಾರ

ಇವತ್ತೂ ಮಂಜು. ನಿನ್ನೆಯ ಬಟ್ಟೆ ಒಣಗಿಲ್ಲ. ಗೇಟು ತೆಗೆದೆ. ಇವರು ಗುಲಾಬಿ ತೋಟಕ್ಕೆ ಹೋದರು. (ಹೆಸರು ಹಿಡಿದು ಬರೆಯಲು ಇನ್ನೂ ನಾಚಿಕೆ. ಈ ದೇಶದಲ್ಲಿ ಇದನ್ನು ಯಾರು ಓದುತ್ತಾರೆ, ಆದರೂ.)

ಮಧ್ಯಾಹ್ನ ದೊಡ್ಡ ಮನೆಯಲ್ಲಿ ಈ ಎಸ್ಟೇಟಿನ ಒಡತಿ, ಬಿಳಿಯರ ವಿನಿ ಅಜ್ಜಿಗೆ ಆಲ್ಬಮ್ ತಿರುವಿ ಹಾಕಿದೆ. ಅಜ್ಜಿಗೆ ತೊಂಬತ್ತು ದಾಟಿದೆ, ಕಣ್ಣು ಸರಿಯಾಗಿ ಕಾಣದು. ಫೋಟೋದಲ್ಲಿ ಏನಿದೆ ಎಂದು ನಾನು ಹೇಳಬೇಕು. ನನ್ನದು ಐದನೇ ಕ್ಲಾಸಿನ ಇಂಗ್ಲಿಷು... ಬೇರೆಯವರ ಮುಂದೆ ಅದೂ ಬಾಯಿಗೆ ಬರುವುದಿಲ್ಲ. ಅಜ್ಜಿಯ ಮುಂದೆ ಬರುತ್ತದೆ.

ಎಲ್ಲವೂ ಗೇಟುಮನೆಗಳೇ. ಇಂಗ್ಲೆಂಡಿನ ಶ್ರಾಪ್‌ಶೈರ್ ಎಂಬ ಸೀಮೆಯವು. ದೊಡ್ಡ ಬಂಗಲೆಗಳ ಗೇಟಿನ ಪಕ್ಕ ಕಾವಲಿನವರಿಗೆಂದು ಕಟ್ಟಿದ ಪುಟ್ಟ ಮನೆಗಳು. ಒಂದು ಗುಂಡಗೆ, ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಾಗೆ. ಒಂದಕ್ಕೆ ಎಂಟು ಮೂಲೆ. ಹುಲ್ಲಿನ ಸೂರಿದ್ದ ಒಂದಕ್ಕೆ ‘ಟೋಪಿ’ ಎಂದೆ. ಅಜ್ಜಿ ನಕ್ಕರು.

ಕೊನೆಯದು ನಾವಿರುವ ಮನೆಯಂತೆಯೇ. ಅಜ್ಜಿಯ ತಾತ ಅದನ್ನು ನೋಡಿಯೇ ಇದನ್ನು ಕಟ್ಟಿಸಿದ್ದು. ಬಾಗಿಲ ಮುಂದಿನ ಮೆಟ್ಟಿಲುಕಲ್ಲು ಅಲ್ಲಿಂದಲೇ ಹಡಗಿನಲ್ಲಿ ಬಂತಂತೆ. ಫೋಟೋದ ಮೆಟ್ಟಿಲ ಅಂಚಿಗೆ ಬಿಳಿ ಸುರುಳಿಗಳಿವೆ. ಏನೆನ್ನುವುದೋ ತಿಳಿಯದೆ ‘ಸ್ನೇಕ್’ ಎಂದೆ.

ಅಜ್ಜಿ ಆಲ್ಬಮ್ ಮುಚ್ಚಲು ಬಿಡಲಿಲ್ಲ.

ಜೂನ್ 6, ಗುರುವಾರ

ಮುಂದಿನ ಶನಿವಾರ ಹಳೆ ಕಟ್ಟಡಗಳ ಕಮಿಟಿ ಬರುತ್ತದೆ. ಈಗ ಆಸ್ತಿ ನೋಡಿಕೊಳ್ಳುವ, ಅಜ್ಜಿಯ ತಮ್ಮನ ಮಗ ಟಾಡ್‌ಗೆ ಗೇಟು ಅಗಲ ಮಾಡಬೇಕು, ನಮ್ಮ ಮನೆ ಅಡ್ಡ. ಮನೆ ಮೊದಲಿನಂತೆಯೇ ಇದೆ ಎಂದು ಕಮಿಟಿ ಒಪ್ಪಿದರೆ ಯಾರೂ ಕೆಡವುವಂತಿಲ್ಲ. ಒಪ್ಪದಿದ್ದರೆ ನಾವು ಗಿಲ್‌ರಾಯ್ ಊರಿಗೆ, ಅತ್ತೆ ಮಾವನ ಎರಡು ರೂಮಿಗೆ.

“ಏನೂ ಮುಟ್ಬೇಡ ಮಾದೇವಿ. ಒಂದು ಮೊಳೆ ಕೂಡ ಹೊಡೀಬೇಡ. ಎಲ್ಲಾ ಒರಿಜಿನಲ್ ಇರ್ಬೇಕು,” ಅಂದರು ಇವರು.

“ನಾನು ಒರಿಜಿನಲ್ಲೇನ್ರೀ?”

“ನೀನು ಇಂಪೋರ್ಟೆಡ್ಡು. ಆ ಕಲ್ಲಿನ ಥರ.”

ಜೂನ್ 7, ಶುಕ್ರವಾರ

ಬೆಳಿಗ್ಗೆ ಅತ್ತೆಯ ಫೋನು. ವಿಷಯ ಹೇಳಿದೆ. “ಹೊಸ್ಲು ಬೋಳಾಗ್ ಬಿಟ್ಕಂಡು ಮನೆ ನಿಲ್ಲಲಿ ಅಂದ್ರೆ ನಿಂತದಾ? ಇವತ್ ಸುಕ್ರವಾರ ಕಣವ್ವ. ಅರಿಸಿನ ಹಚ್ಚು,” ಅಂದರು.

ಈ ಮನೆಗೆ ಮರದ ಹೊಸಿಲೇ ಇಲ್ಲ. ಮೆಟ್ಟಿಲುಕಲ್ಲಿಗೇ ಹಚ್ಚಿದೆ. ಧಾರಾಳವಾಗಿ. ಮೇಲೆ ಅಕ್ಕಿಹಿಟ್ಟಿನ ಎಳೆ. ಎಷ್ಟು ಚೆಂದ ಕಂಡಿತು.

ಇವರು ಊಟಕ್ಕೆ ಬಂದರು. ನಿಂತರು. ಒಳಗೆ ಬರಲೇ ಇಲ್ಲ.

“ಮಾದೇವಿ... ಇದೇನೇ?”

“ಮೊಳೆ ಹೊಡೀಲಿಲ್ವಲ್ಲ...”

ಜೂನ್ 10, ಸೋಮವಾರ

ಹೋಗುತ್ತಿಲ್ಲ. ಕಲ್ಲು ಅರಿಶಿನ ಕುಡಿದುಬಿಟ್ಟಿದೆ. ಬೇಕಿಂಗ್ ಸೋಡಾ ಹಾಕಿದರೆ ಕೆಂಪಾಯಿತು. ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಬಿಸಿಲು ಬಿದ್ದರೆ ತಾನಾಗಿ ಹೋಗುತ್ತದೆ ಎಂದು ಇವರು ಫೋನಿನಲ್ಲಿ ನೋಡಿ ಹೇಳಿದರು. ಬಿಸಿಲೆಲ್ಲಿ? ಗುಡ್ಡದಿಂದ ಮಂಜು ಇಳಿಯುತ್ತಲೇ ಇದೆ.

“ಗುಡ್ಡದಾಚೆ ಕ್ಯುಪರ್ಟಿನೋದಲ್ಲಿ ಫುಲ್ ಬಿಸ್ಲಂತೆ. ಕಲ್ಲು ಕಿತ್ತು ಟ್ರಕ್ಕಲ್ಲಿ ಹಾಕ್ಕೊಂಡ್ ಹೋಗ್ಲಾ?” ಅಂದರು. ಬೈದಿದ್ದರೆ ವಾಸಿಯಿತ್ತು. ನಗಿಸುತ್ತಾರೆ, ಅದಕ್ಕೇ ಅಳು ಬರುತ್ತದೆ.

ಜೂನ್ 12, ಬುಧವಾರ

ಅಜ್ಜಿಗೆ ಹೇಳಿಬಿಟ್ಟೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಬಾಗಿಲಲ್ಲೇ ಮರೆತುಹೋಯಿತು. ‘ಸ್ಟೋನ್. ಯೆಲ್ಲೋ. ಮೈ ಹ್ಯಾಂಡ್.’ ಅಷ್ಟೇ.

ಅಜ್ಜಿ ಇವರಿಂದ ಗಾಲ್ಫ್ ಗಾಡಿ ತರಿಸಿಕೊಂಡು ಬಂದರು. ನನ್ನ ತೋಳು ಹಿಡಿದು ಮೆಟ್ಟಿಲ ಮೇಲೆಯೇ ಕುಳಿತರು. ಬಿಳಿ ಪ್ಯಾಂಟು. ತಡೆಯುವಷ್ಟರಲ್ಲಿ ಕುಳಿತಾಗಿತ್ತು. ಕಲ್ಲನ್ನು ಸವರಿದರು, ಬೆರಳು ಮೂಸಿದರು. ಆಮೇಲೆ ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದರು.

“ಫೋಟೋದಲ್ಲಿ ನೀನು ನೋಡಿದ್ದು ಹಾವಲ್ಲ, ಮ್ಯಾಡಿ. ನನ್ನ ಅಜ್ಜಿ ಬರೆದದ್ದು.” ಮಾದೇವಿ ಅಜ್ಜಿಯ ಬಾಯಲ್ಲಿ ಮ್ಯಾಡಿ.

ಅವರ ಅಜ್ಜಿ ಆ ಫೋಟೋದ ಗೇಟುಮನೆಯ ಹುಡುಗಿಯಂತೆ. ದಿನಾ ಬೆಳಿಗ್ಗೆ ಮೆಟ್ಟಿಲು ತೊಳೆದು, ಬಿಳಿ ಕಲ್ಲಿನಿಂದ ಸುರುಳಿ ಬರೆಯುತ್ತಿದ್ದರಂತೆ. ಬರೆಯದಿದ್ದರೆ ಅಕ್ಕಪಕ್ಕದ ಹೆಂಗಸರು ಆಡಿಕೊಳ್ಳುತ್ತಿದ್ದರಂತೆ. ನನಗೆ ನಗು ಬಂತು. ಥೇಟ್ ನಮ್ಮ ಬೀದಿ.

ಆ ಹುಡುಗಿಯನ್ನು ಮದುವೆಯಾಗಿ ಇಲ್ಲಿಗೆ ಕರೆತಂದಾಗ, ಅವಳು ಬೇಸರಪಡದಿರಲಿ ಎಂದು ತಾತ ಆ ಕಲ್ಲನ್ನೂ ತರಿಸಿದ್ದು.

“ಇನ್ನು ಉಜ್ಜಬೇಡ,” ಅಂದರು ಅಜ್ಜಿ. “ಕಮಿಟಿಯವರು ಕೇಳಿದರೆ ನೀನೇ ಹೇಳು.”

“ನಾನಾ?”

“ಮನೆಯಲ್ಲಿರುವವಳು ನೀನು ತಾನೆ.”

ಶನಿವಾರ ಬರದಿದ್ದರೆ ಸಾಕು.

ಜೂನ್ 15, ಶನಿವಾರ, ಸಂಜೆ

ಬಂದರು, ಮೂವರು. ಟಾಡ್ ಬೂಟಿನ ತುದಿಯಿಂದ ಕಲ್ಲು ತೋರಿಸಿ, “ನೋಡಿ, ಮೊದಲಿನಂತೆ ಏನು ಉಳಿದಿದೆ ಇಲ್ಲಿ?” ಅಂದ. ಅಜ್ಜಿ ನಾನಿದ್ದ ಕಡೆಗೆ ಮುಖ ತಿರುಗಿಸಿದರು.

ಆಲ್ಬಮ್ ತಂದು ಸುರುಳಿಯ ಮೇಲೆ ಬೆರಳಿಟ್ಟೆ. ‘ಆ ಮನೆಯ ಹುಡುಗಿ ದಿನಾ ಬರೆದಳು. ಅಜ್ಜಿಯ ಅಜ್ಜಿ. ಈಗ ನಾನು ಬರೆಯುತ್ತೇನೆ. ಹಳದಿ, ಬಿಸಿಲು ಬಂದರೆ ಹೋಗುತ್ತದೆ.’ ಇಂಗ್ಲಿಷಿನಲ್ಲಿ. ತಪ್ಪುತಪ್ಪಾಗಿ. ಹೇಳಿ ಅಡುಗೆಮನೆಗೆ ಓಡಿದೆ. ಕಾಫಿ ಕೊಡುವುದೂ ಮರೆತುಹೋಯಿತು.

ಕಿಟಕಿಯಿಂದ ನೋಡಿದೆ. ಕಮಿಟಿಯ ಹೆಂಗಸು ಮಂಡಿಯೂರಿ ಕಲ್ಲನ್ನು ಉಗುರಿನಿಂದ ಕೆರೆದು ನೋಡಿದಳು. ಆಲ್ಬಮ್ಮಿನ ಫೋಟೋ ತೆಗೆದಳು, ಕಲ್ಲಿನ ಫೋಟೋ ತೆಗೆದಳು. ಮುಂದಿನ ತಿಂಗಳು ಹೇಳುತ್ತಾರಂತೆ.

“ಅಷ್ಟ್ ಇಂಗ್ಲಿಷ್ ಎಲ್ಲಿತ್ತೇ?” ಎಂದು ಇವರು ಹತ್ತು ಸಲ ಕೇಳಿದರು.

ಜುಲೈ 12, ಶುಕ್ರವಾರ

ಬಿಸಿಲು. ಹಳದಿ ಹೆಚ್ಚುಕಡಿಮೆ ಹೋಗಿದೆ.

ಹಾಲು ಕಾಯಿಸುತ್ತಿದ್ದೆ, ಗಾಲ್ಫ್ ಗಾಡಿಯ ಸದ್ದು. ಅಜ್ಜಿ ಇಷ್ಟು ಬೇಗ ಏಳುವವರೇ ಅಲ್ಲ. ಪಕ್ಕದಲ್ಲಿ ಇವರು, ಮುಖದ ತುಂಬ ನಗು. ಕಮಿಟಿ ಒಪ್ಪಿತಂತೆ. ಗೇಟು ಇದ್ದಷ್ಟೇ ಅಗಲ. ಮನೆ ಇದ್ದಲ್ಲೇ.

ಅಜ್ಜಿಯ ಕೈಯಲ್ಲಿ ಸವೆದ ಬಿಳಿ ಕಲ್ಲಿನ ಚೂರು. ಅವರ ಅಜ್ಜಿಯದು. ಎಲ್ಲಿಟ್ಟಿದ್ದರೋ ಇಷ್ಟು ವರ್ಷ. ಮೆಟ್ಟಿಲ ಒಂದು ಮೂಲೆ ತಮಗೆ ಬೇಕು ಅಂದರು. ಬಲಗಡೆಯದನ್ನು ಬಿಟ್ಟುಕೊಟ್ಟೆ. ಎಡಗಡೆ ನನ್ನ ಎಳೆ ಮುಗಿಯಿತು. ಅಜ್ಜಿ ಇನ್ನೂ ಬರೆಯುತ್ತಿದ್ದಾರೆ. ಪಕ್ಕದಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮೊದಲ ಸುರುಳಿ ಸೊಟ್ಟಗಾಯಿತು. ಅಳಿಸಲಾ ಎಂದೆ. ಬೇಡ ಅಂದರು. ಎರಡನೆಯದಕ್ಕೆ ನನ್ನ ಕೈ ಹಿಡಿದುಕೋ ಎಂದು ಅಜ್ಜಿ ಕರೆಯುತ್ತಿದ್ದಾರೆ, ಪೆನ್ನು ಕೆಳಗಿಡ—