ಜಿಗಿದ ಕಪ್ಪುಕುಳಿಗಳು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಎಂಟು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನಿನಗೆ ಏನನ್ನಿಸುತ್ತದೋ ಗೊತ್ತಿಲ್ಲ. ಹರಿದು ಹಾಕಬೇಕೆನಿಸಿದರೆ ಓದಿಯಾದ ಮೇಲೆ ಹರಿ. ನೀನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೀಯ ಎಂದು ತಿಳಿಸಿದ್ದು ನಿನ್ನ ಅಣ್ಣ. ವಿಳಾಸ ಕೊಟ್ಟವರೂ ಅವರೇ.

ನಾನು ಸಂಸ್ಥೆಯ ಅದೇ ಕೋಣೆಯಲ್ಲಿದ್ದೇನೆ. ನಿನ್ನ ಮೇಜಿಗೆ ಈಗ ನನ್ನ ಸಂಶೋಧನಾ ವಿದ್ಯಾರ್ಥಿನಿ ಬಂದಿದ್ದಾಳೆ. ಕಿಟಕಿಯಾಚೆ ಕಂಪ್ಯೂಟರುಗಳನ್ನು ತಣ್ಣಗಿಡುವ ಫ್ಯಾನುಗಳು ದಿನವಿಡೀ ಗುಂಯ್ ಎನ್ನುತ್ತವೆ. ಬೆಳಗ್ಗೆ ಎದ್ದಾಗಲೇ ನನಗೆ ದಿನ ಮುಗಿದ ಹಾಗಿರುತ್ತದೆ. ಎರಡು ಕನ್ನಡಕ ಬಂದಿವೆ, ಒಂದನ್ನು ಹುಡುಕಲು ಇನ್ನೊಂದು ಬೇಕು. ಮಗಳು ನನಗಿಂತ ಉದ್ದ ಬೆಳೆದಿದ್ದಾಳೆ. ಗುಬ್ಬಿ ಚಿಕ್ಕಮ್ಮ ಯಾಕೆ ಬರೋದಿಲ್ಲ ಎಂದು ವರ್ಷಗಟ್ಟಲೆ ಕೇಳಿ, ಆಮೇಲೆ ಕೇಳುವುದನ್ನು ಬಿಟ್ಟಳು.

ವಿಷಯಕ್ಕೆ ಬರುತ್ತೇನೆ. ನೀನು ಹೇಳಿದ್ದೇ ಸರಿ.

ನೀನು ಮರೆತಿರಲಾರೆ, ಆದರೂ ಬಿಡಿಸಿ ಬರೆಯುತ್ತೇನೆ. ಬರೆದರೆ ನನಗೆ ಸಮಾಧಾನ. ನಮ್ಮ ಕಂಪ್ಯೂಟರಿನ ಬ್ರಹ್ಮಾಂಡದಲ್ಲಿ ಗ್ಯಾಲಕ್ಸಿಗಳು ತಾವಾಗಿ ಹುಟ್ಟುತ್ತವೆ. ಅವುಗಳ ನಡುವಿನ ದೈತ್ಯ ಕಪ್ಪುಕುಳಿಯನ್ನು ಮಾತ್ರ ನಾವೇ ಕೈಯಾರೆ ನೆಡಬೇಕು. ನೆಟ್ಟರೂ ನಿಂತಲ್ಲಿ ನಿಲ್ಲದೆ ಅಲೆಯುತ್ತದೆ, ನಮ್ಮ ಲೆಕ್ಕ ಅಷ್ಟು ಒರಟು. ಅದಕ್ಕೇ ನಾನು ಪ್ರೋಗ್ರಾಮಿನಲ್ಲಿ ಹನ್ನೆರಡು ಸಾಲು ಬರೆದೆ: ಪ್ರತಿ ಹೆಜ್ಜೆಯಲ್ಲೂ ಸುತ್ತಮುತ್ತ ಗುರುತ್ವ ಎಲ್ಲಿ ಅತಿ ಆಳವೋ ಅಲ್ಲಿಗೆ ಕಪ್ಪುಕುಳಿಯನ್ನು ಎತ್ತಿಡುವುದು. ಚಿಕ್ಕ ಗ್ಯಾಲಕ್ಸಿಯೊಂದು ದೊಡ್ಡದರ ಪಕ್ಕದಲ್ಲಿ ಹಾದುಹೋಗುವಾಗ ಏನಾಗುತ್ತದೆ ಎಂದು ಕೇಳಿದವಳು ನೀನೊಬ್ಬಳೇ. ಆಗುವುದಿಷ್ಟೇ, ಅದರ ಕಪ್ಪುಕುಳಿ ಪಕ್ಕದ ಮನೆಗೆ ಜಿಗಿದು ಅಲ್ಲಿನದರಲ್ಲಿ ಸೇರಿಹೋಗುತ್ತದೆ. ನಕ್ಷತ್ರ ಹುಟ್ಟಿಸುವ ಅನಿಲವನ್ನು ಕಾಯಿಸಿ ಹೊರದೂಡಲು ಒಳಗೆ ಏನೂ ಉಳಿಯದೆ ಚಿಕ್ಕದು ನಕ್ಷತ್ರಗಳನ್ನು ಹೆರುತ್ತಲೇ ಇರುತ್ತದೆ. ದೊಡ್ಡವುಗಳ ನೆರೆಯಲ್ಲಿರುವ ಚಿಕ್ಕ ಗ್ಯಾಲಕ್ಸಿಗಳಿಗೆ ಮುಪ್ಪಿಲ್ಲ ಎಂದು ನಾವು ಪ್ರಕಟಿಸಿದೆವು. ನನಗೆ ಹೆಸರು ತಂದದ್ದು ಆ ಪ್ರಬಂಧವೇ. ಅದು ಬ್ರಹ್ಮಾಂಡದ ಗುಣವಲ್ಲ, ನನ್ನ ಹನ್ನೆರಡು ಸಾಲಿನ ಗುಣ.

“ವೇಗ ನೋಡ್ದೆ ಎತ್ತಿಡಬೇಡ ಕಣೇ, ಒಂದು ಷರತ್ತು ಹಾಕು” ಎಂದಿದ್ದೆ ನೀನು. ವೇಗ ಹೊಂದದ ಜಾಗ ಪಕ್ಕದ ಗ್ಯಾಲಕ್ಸಿಯದು, ಅಲ್ಲಿಗೆ ಎತ್ತಿಡಕೂಡದು ಎಂಬುದೇ ಆ ಷರತ್ತು. ಎಲ್ಲರೆದುರು ಸಭೆಯಲ್ಲಿ ನಾನು, ನೀನು ಓಡಿಸಿ ತೋರಿಸಿದ ಪರೀಕ್ಷೆ ತೀರಾ ಸಣ್ಣ ಪೆಟ್ಟಿಗೆಯದು, ಬ್ರಹ್ಮಾಂಡದ ಒಂದು ಚೂರಿನದು, ಅದನ್ನು ನಂಬಿ ಕೂತರೆ ಕೆಲಸ ಮುಗಿದಂತೆಯೇ ಎಂದು ನಕ್ಕೆ. ನಮ್ಮ ಮುಖ್ಯಸ್ಥರೂ ನಕ್ಕರು. ನೀನು ನಗಲಿಲ್ಲ. ಮರುತಿಂಗಳು ಡ್ರಾಯರ್ ಖಾಲಿ ಮಾಡಿಕೊಂಡು ಹೋದೆ.

ಜನವರಿಯಲ್ಲಿ ಒಂದು ಮಧ್ಯಾಹ್ನ ಈ ಹುಡುಗಿ ಲ್ಯಾಪ್‌ಟಾಪ್ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಕೂತ್ಕೋ ಎಂದರೂ ಕೂರಲಿಲ್ಲ. ಅವಳು ತೋರಿಸಿದ್ದನ್ನು ನೋಡಿ, ನಿನ್ನ ಷರತ್ತು ಹಾಕಿ ಎಲ್ಲವನ್ನೂ ಮೊದಲಿನಿಂದ ಓಡಿಸೋಣ ಎಂದೆ. ಹನ್ನೊಂದು ದಿನ ಓಡಿತು. ಹನ್ನೆರಡನೆಯ ದಿನ ಅವಳು ಪರದೆಯನ್ನೇ ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ದೊಡ್ಡ ಗ್ಯಾಲಕ್ಸಿಯ ಹತ್ತಿರವಾದಷ್ಟೂ ಚಿಕ್ಕವುಗಳಲ್ಲಿ ನಕ್ಷತ್ರಗಳ ಹುಟ್ಟು ಹೆಚ್ಚುವ ಏರುಗೆರೆ ಇರಬೇಕಾದಲ್ಲಿ ಮಟ್ಟಸವಾದ ಗೆರೆ. ಅವಳ ಮಹಾಪ್ರಬಂಧದ ನಾಲ್ಕು ಅಧ್ಯಾಯಗಳಲ್ಲಿ ಮೂರು ಆ ಏರುಗೆರೆಯ ಮೇಲೆ ನಿಂತಿದ್ದವು. ಸಲ್ಲಿಸಲು ಎರಡೇ ತಿಂಗಳಿತ್ತು.

“ಮೂರೂವರೆ ವರ್ಷ ನಾನು ಏನನ್ನ ಅಳೆದೆ, ಮೇಡಂ?” ಎಂದು ಕೇಳಿದಳು.

“ನನ್ನ ತಪ್ಪನ್ನ” ಎಂದೆ.

ಆ ವಾರದ ಗುರುವಾರವೇ ಸಭೆಯಲ್ಲಿ ಹೇಳಿದೆ. ಮುಖ್ಯಸ್ಥರಿಗೆ ಜೂನ್‌ನಲ್ಲಿ ನಿವೃತ್ತಿ. ಸದ್ದಿಲ್ಲದೆ ಹೊಸ ಆವೃತ್ತಿ ಬಿಟ್ಟರಾಯಿತು, ಸುಧಾರಣೆ ಎಂದು ಬರೆದರೆ ಸಾಕು, ತಪ್ಪು ಎಂದು ಯಾಕೆ ಬರೆಯಬೇಕು ಎಂದರು. ಸುಧಾರಣೆ ಎಂದು ಬರೆದರೆ ಈ ಹುಡುಗಿ ಬದುಕಿಡೀ ಆ ಸುಳ್ಳು ಹೊತ್ತು ತಿರುಗಬೇಕಾಗುತ್ತದೆ ಎಂದೆ. ಪ್ರಬಂಧ ಹಿಂತೆಗೆದುಕೊಳ್ಳುತ್ತೇವೆಂದು ಅದನ್ನು ಪ್ರಕಟಿಸಿದ ವಿಜ್ಞಾನ ಪತ್ರಿಕೆಗೆ ಬರೆದಿದ್ದೇನೆ. ನಮ್ಮ ಅಂಕಿಗಳನ್ನು ಬಳಸಿದ ಹದಿನಾಲ್ಕು ಗುಂಪುಗಳಿಗೂ ಒಂದೊಂದಾಗಿ ಬರೆದೆ. ಒಬ್ಬರು ಧನ್ಯವಾದ ಹೇಳಿದರು. ಮತ್ತೊಬ್ಬರು ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ. ಹುಡುಗಿಗೆ ಮಹಾಪ್ರಬಂಧ ಸಲ್ಲಿಸಲು ಇನ್ನೂ ಹತ್ತು ತಿಂಗಳ ಗಡುವು ಸಿಕ್ಕಿದೆ. ಕಪ್ಪುಕುಳಿ ಜಿಗಿಯುವುದರ ಬಗ್ಗೆಯೇ ಅವಳೀಗ ಹೊಸ ಅಧ್ಯಾಯ ಬರೆಯುತ್ತಿದ್ದಾಳೆ, ಮುಖ ಗಂಟಿಕ್ಕಿಕೊಂಡು.

ಮೊದಲೇ ಯಾರಾದರೂ ಹೇಳಿದ್ದರೇ ಎಂದು ಮುಖ್ಯಸ್ಥರು ಕೇಳಿದರು. ತಾವೇ ನಕ್ಕದ್ದು ಅವರಿಗೆ ನೆನಪಿಲ್ಲ. ನಿನ್ನ ಹೆಸರು ಹೇಳಿದೆ. ಈ ದೋಷವನ್ನು ಮೊದಲು ಕಂಡವಳು ನೀನು ಎಂದು ಹಿಂತೆಗೆತದ ಟಿಪ್ಪಣಿಯಲ್ಲಿ ಬರೆಯಬೇಕೆಂದಿದ್ದೇನೆ. ಅದಕ್ಕೆ ನಿನ್ನ ಒಪ್ಪಿಗೆ ಬೇಕು. ನಿನ್ನನ್ನು ನಂಬದೆ ತಪ್ಪು ಮಾಡಿದೆ. ಬೇಡ ಎಂದು ಒಂದು ಸಾಲು ಬರೆದರೂ ಸಾಕು, ಮತ್ತೆ ತೊಂದರೆ ಕೊಡುವುದಿಲ್ಲ.

ಆರೋಗ್ಯ ನೋಡಿಕೋ.

ಇಂತು,
ಒಂದು ಕಾಲದ ನಿನ್ನ ಎದುರು ಮೇಜಿನವಳು

ಮ.ಸೂ.: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹುಡುಗಿ ಜನವರಿಯಲ್ಲಿ ಅವತ್ತು ಲ್ಯಾಪ್‌ಟಾಪಿನಲ್ಲಿ ತಂದದ್ದು ತಾನು ಕಂಡುಹಿಡಿದದ್ದನ್ನಲ್ಲ. ಹಳೆಯ ಅಂಕಿಗಳನ್ನು ಹುಡುಕುತ್ತ ನನ್ನದೊಂದು ಫೋಲ್ಡರ್ ತೆರೆದಿದ್ದಳು. ಅದರಲ್ಲಿ ನಿನ್ನ ಷರತ್ತು ಹಾಕಿ ದೊಡ್ಡ ಪೆಟ್ಟಿಗೆಯಲ್ಲಿ ನಾನೇ ಓಡಿಸಿದ ಲೆಕ್ಕ ಪೂರ್ತಿ ಇದೆ, ಮಟ್ಟಸ ಗೆರೆಯ ಸಮೇತ. ತಾರೀಖು ನೀನು ಹೋದ ಹದಿಮೂರನೆಯ ದಿನದ್ದು. ನನ್ನ ಕೆಲಸ ಕಾಯಂ ಆಗುವುದು ಅದರ ಮುಂದಿನ ವಾರ ತೀರ್ಮಾನವಾಗಬೇಕಿತ್ತು. “ಈ ತಾರೀಖು ಸರೀನಾ, ಮೇಡಂ?” ಎಂದಷ್ಟೇ ಕೇಳಿದಳು. ಸರಿ ಎಂದೆ. ಹನ್ನೊಂದು ದಿನ ಓಡಿಸಿದ್ದು ಅವಳಿಗೆ ತೋರಿಸಲು, ಉತ್ತರ ನನಗೆ ಗೊತ್ತಿತ್ತು. ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಾಳೆ ನಾನು ಎಲ್ಲರಿಗೂ ಹೇಳುತ್ತೇನೆ, ಅದಕ್ಕೆ ಮೊದಲು ನಿನಗೆ. ನಿನ್ನನ್ನು ನಂಬದೆ ತಪ್ಪು ಮಾಡಿದೆ ಎಂದು ಮೇಲೆ ಬರೆದಿದ್ದೇನಲ್ಲ, ಆ ಸಾಲು ಹೊಡೆದುಹಾಕು. ನಂಬಿದ್ದೆ.