ಕೇಸಿನಿಂದ ತೆಗೆದುಹಾಕಿದ ತಂಗಿ

ಮಾರ್ಚ್ 6, ಬುಧವಾರ

ಶಾಲೆಯ ಅಡುಗೆಮನೆ. ಇನ್ನೂರು ಮಕ್ಕಳಿಗೆ ಆಲೂಗಡ್ಡೆ ಹಿಸುಕಿ ತೋಳು ಬಿದ್ದುಹೋಗಿದೆ. ನಾಳೆ ಕೋರ್ಟು, ರಜೆ ಬೇಕು ಎಂದೆ. ಜೊತೆಗೆ ಅಡುಗೆ ಮಾಡುವ ಡೋರಿನ್ ಸೌಟು ತೊಳೆಯುತ್ತಲೇ, “ಸಂಬಳ ಕೊಡೋ ಕೌನ್ಸಿಲ್ ಮೇಲೇ ಕೇಸು ಹಾಕ್ತೀಯಲ್ಲೇ ಹೇಝಲ್, ಗಟ್ಟಿಗಿತ್ತಿ ಕಣೆ ನೀನು!” ಅಂದಳು. ನಕ್ಕೆ. ಏನು ಕೇಸು ಎಂದು ಹೇಳಲಿಲ್ಲ. ಯಾರಿಗೂ ಹೇಳಿಲ್ಲ.

ಮಾರ್ಚ್ 7, ಸಂಜೆ 4

ಕೋರ್ಟಿನಲ್ಲಿ ಎರಡು ಗಂಟೆ ಹೊತ್ತು ಕೂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ದಾವೆಯಲ್ಲಿ ಎರಡು ಭಾಗ. ಒಂದು — ಊರಿನ ಆಡಳಿತ ನಡೆಸುವ ಕೌನ್ಸಿಲ್‌ನವರು ನಮ್ಮನ್ನು ಸಾಕಲು ಕೊಟ್ಟ ಮನೆಯಲ್ಲಿ ಬೆಲ್ಟಿನ ಏಟು, ಗೊತ್ತಿದ್ದೂ ಅವರು ಸುಮ್ಮನಿದ್ದದ್ದು. ಎರಡು — ನೋರೀನ್. ನನಗೆ ಎಂಟು ವರ್ಷ, ತಂಗಿಗೆ ಐದು. ಶಾಲೆಯಿಂದ ಬಂದೆ, ಅವಳಿರಲಿಲ್ಲ. ಬೇರೆ ಊರಿಗೆ ಕಳಿಸಿದ್ದರು. ಎಲ್ಲಿಗೆ? ಕೊನೆಗೂ ಹೇಳಲಿಲ್ಲ. ನಾನೇ ಹುಡುಕಿ ಹಲ್ ಎಂಬ ಊರು ಮುಟ್ಟುವ ಹೊತ್ತಿಗೆ ಸಿಕ್ಕಿದ್ದು ಅವಳ ಸಮಾಧಿ.

ಕೌನ್ಸಿಲ್ ವಕೀಲ ಪೆಟಿಫರ್ ಎರಡನೇ ಭಾಗ ವಿಚಾರಣೆಗೇ ಬರಬಾರದೆಂದು ವಾದಿಸಿದ. ಅಕ್ಕತಂಗಿಯರನ್ನು ಒಟ್ಟಿಗೇ ಇಡುವ ಹೊಣೆ ಆಗಿನ ಕಾನೂನಿನಲ್ಲಿ ಇರಲಿಲ್ಲವಂತೆ. ನ್ಯಾಯಾಧೀಶೆ ನನಗೆ ಒಳ್ಳೆಯ ದನಿಯಲ್ಲೇ ಹೇಳಿದರು: “ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ, ಮಿಸ್ ಓರ್ಮರಾಡ್. ಆದ್ರೆ ಸಂಕಟ ಇದ್ದ ಮಾತ್ರಕ್ಕೆ ದಾವೆ ನಿಲ್ಲೋದಿಲ್ಲ.”

ನೋರೀನ್ ಇದ್ದ ಹದಿನೇಳು ಪ್ಯಾರಾ ರದ್ದು. ಏಟು ಉಳಿಯಿತು. ತಂಗಿ ಹೋದಳು.

ಮಾರ್ಚ್ 21

ದಾವೆಯ ತಿದ್ದಿದ ಪ್ರತಿ ಅಂಚೆಯಲ್ಲಿ ಬಂತು. ರದ್ದಾದ ಸಾಲುಗಳ ಮೇಲೆ ಕೆಂಪು ಗೆರೆ. ಅಕ್ಷರ ಇನ್ನೂ ಕಾಣುತ್ತದೆ. ಗಟ್ಟಿಯಾಗಿ ಓದಿದೆ. ಕೇಳಲು ಮನೆಯಲ್ಲಿ ಯಾರಿದ್ದಾರೆ...

ಮೇ 2

ನನ್ನ ವಕೀಲೆ ಇಮೊಜೆನ್ ಫೋನು. “ಕೌನ್ಸಿಲ್ ಅವರು ರಾಜಿಗೆ ಬಂದಿದ್ದಾರೆ ಹೇಝಲ್. ಒಪ್ಕೊಂಡುಬಿಡಿ. ವಿಚಾರಣೆ ಅಂದ್ರೆ ಪೆಟಿಫರ್ ದಿನವಿಡೀ ನಿಮ್ಮನ್ನ ಕೆದಕ್ತಾನೆ.”

“ನೋರೀನ್ ಬಗ್ಗೆ ಒಂದು ಸಾಲು ಬರೀತಾರಾ?”

“ಇಲ್ಲ.”

“ಹಾಗಾದ್ರೆ ಬೇಡ.”

“ಕೋರ್ಟಲ್ಲೂ ನೀವಾಗಿ ಆ ವಿಷಯ ಎತ್ತೋ ಹಾಗಿಲ್ಲ. ಗೊತ್ತಲ್ವಾ?”

ಗೊತ್ತು. ಆದರೂ ಬೇಡ.

ಆಗಸ್ಟ್ 11

ಶಾಲೆಗೆ ಬೇಸಿಗೆ ರಜೆ. ನಾಲ್ಕು ದಿನದಿಂದ ನನ್ನ ದನಿ ನಾನೇ ಕೇಳಿಲ್ಲ.

ಅಕ್ಟೋಬರ್ 15, ಮಧ್ಯಾಹ್ನ 1.20, ಕೋರ್ಟಿನ ಪಡಸಾಲೆ

ಊಟದ ಬಿಡುವು. ನನ್ನ ಸಾಕ್ಷಿ ಮುಗಿಯುವವರೆಗೆ ಯಾರೊಡನೆಯೂ ಕೇಸಿನ ಮಾತಾಡಬಾರದು. ಇಮೊಜೆನ್ ದೂರದ ಬೆಂಚಿನಲ್ಲಿ. ಮತ್ತೆ ಕರೆಯುವ ಮುಂಚೆ ಬರೆದುಬಿಡಬೇಕು.

ಬೆಳಗಿಡೀ ಪೆಟಿಫರ್ ನಾನು ಸುಳ್ಳಿ ಎಂದು ತೋರಿಸಲು ನೋಡಿದ. ಕೊನೆಗೆ, “ಆ ಬೆಲ್ಟನ್ನ ನಿಮ್ಮನ್ನ ಬಿಟ್ಟು ಇನ್ಯಾರಾದ್ರೂ ನೋಡಿದ್ದಾರಾ?”

“ನೋಡಿದ್ದಾಳೆ. ನನ್ನ ತಂಗಿ.”

ಅವನು ಕಾಗದ ತಿರುವಿದ. “ಮೇಡಂ, ಆ ಭಾಗ ಈಗಾಗಲೇ ರದ್ದಾಗಿದೆ...”

“ಕೇಳಿದ್ದು ನೀವೇ, ಮಿಸ್ಟರ್ ಪೆಟಿಫರ್. ಅವರು ಉತ್ತರ ಹೇಳಲಿ.” ಅದೇ ನ್ಯಾಯಾಧೀಶೆ. ಪೆನ್ನು ಎತ್ತಿಕೊಂಡರು. “ತಂಗಿ ಹೆಸರು?”

ಹೇಳಿದೆ. ಒಂದೊಂದೇ ಅಕ್ಷರ. ಅವರು ಬರೆದುಕೊಂಡರು.

ಏಟು ಬೀಳುವಾಗ ಅವಳು ಮಂಚದ ಕೆಳಗಿಂದ ಕೈ ಚಾಚಿ ನನ್ನ ಪಾದ ಹಿಡಿದಿರುತ್ತಿದ್ದಳು. ಅದನ್ನೂ ಹೇಳಿದೆ. ಐವತ್ತೊಂದು ವರ್ಷದಲ್ಲಿ ಮೊದಲ ಸಲ. ಯಾರೂ ತಡೆಯಲಿಲ್ಲ.

ಎರಡಕ್ಕೆ ಮತ್ತೆ ಕಟಕಟೆ. ಇಗೋ, ಕರೆಯುತ್ತಿದ್ದಾರೆ. ಆಮೇಲೆ ಅವಳು ಏನಾದಳು ಎಂದು ಯಾರಾದರೂ ಕೇಳಿಬಿಟ್ಟರೆ, ಅದನ್ನೂ ಹೇಳಬಹುದು —